ಸಂಪು, ಟ್ಯಾಂಕು, ಕರೆಂಟು, ಗಡಿಯಾರ: ಹಲವು ಸೆನ್ಸರ್‌ಗಳನ್ನು ಒಂದೇ ನಿಯಮದಲ್ಲಿ ಕೂಡಿಸುವುದು ಹೇಗೆ?

ಪ್ರಶ್ನೆ: ಸಂಪಿನಮನೆ (ವಿದ್ಯಾನಗರ, ಹುಬ್ಬಳ್ಳಿ)

ಬಲ್ಲವರೆಲ್ಲರಿಗೂ ನಮಸ್ಕಾರ.

ನಮ್ಮ ಓಣಿಗೆ ನಳದ ನೀರು ಕೆಲವು ದಿನಗಳಿಗೊಮ್ಮೆ ಬರುತ್ತದೆ, ಅದೂ ಹೆಚ್ಚಾಗಿ ಸರಿರಾತ್ರಿಯಲ್ಲಿ. ಬಂದ ನೀರು ಅಂಗಳದ ಕೆಳಗಿರುವ 6000 ಲೀಟರಿನ ಸಂಪಿಗೆ ಇಳಿಯುತ್ತದೆ. ಅಲ್ಲಿಂದ 1 ಎಚ್‌ಪಿ ಮೋಟರ್ ಅದನ್ನು ಮಾಳಿಗೆಯ ಮೇಲಿನ 1000 ಲೀಟರಿನ ಟ್ಯಾಂಕಿಗೆ ಏರಿಸುತ್ತದೆ. ಈ ಕೆಲಸ ಬಹುಕಾಲ ನನ್ನ ತಂದೆಯವರದಾಗಿತ್ತು. ಸಂಪಿನ ಮುಚ್ಚಳ ತೆಗೆದು ಬ್ಯಾಟರಿ ಬಿಟ್ಟು ನೋಡುವುದು, ಮಾಳಿಗೆ ಹತ್ತಿ ಟ್ಯಾಂಕನ್ನು ಬಡಿದು ಸದ್ದಿನಿಂದ ನೀರಿನ ಮಟ್ಟ ತಿಳಿಯುವುದು, ಆಮೇಲೆ ಕೆಳಗಿಳಿದು ಸ್ವಿಚ್ ಹಾಕುವುದು, ಇಷ್ಟನ್ನೂ ಅವರೇ ಮಾಡುತ್ತಿದ್ದರು. ಅವರ ಮೊಣಕಾಲು ನೋವು ಹೆಚ್ಚಾದ ಮೇಲೆ ಈ ಹೊಣೆಯನ್ನು ಯಂತ್ರಕ್ಕೆ ಒಪ್ಪಿಸಬೇಕೆಂದು ನಿರ್ಧರಿಸಿದೆ.

ಸಂಪಿಗೊಂದು, ಟ್ಯಾಂಕಿಗೊಂದು ನೀರು ಒಳಹೋಗದ ಅಲ್ಟ್ರಾಸಾನಿಕ್ (ಸದ್ದಿನಿಂದ ದೂರ ಅಳೆಯುವ) ಸೆನ್ಸರ್ ಕೂರಿಸಿದ್ದೇನೆ. ಎರಡಕ್ಕೂ ಬೇರೆ ಬೇರೆ ಇಎಸ್‌ಪಿ32 ಬೋರ್ಡುಗಳಿವೆ (ವೈಫೈ ಇರುವ ಚಿಕ್ಕ ನಿಯಂತ್ರಕಗಳು). ನಿಯಮಗಳು ಓಡುವುದು ರಾಸ್ಪ್‌ಬೆರಿ ಪೈ ಎಂಬ ಚಿಕ್ಕ ಕಂಪ್ಯೂಟರಿನ ಮೇಲಿನ ಹೋಮ್ ಅಸಿಸ್ಟೆಂಟ್ ಎಂಬ ಮನೆ-ನಿಯಂತ್ರಣ ತಂತ್ರಾಂಶದಲ್ಲಿ. ಪೈ, ವೈಫೈ ರೌಟರ್ ಮತ್ತು ಟ್ಯಾಂಕಿನ ಬೋರ್ಡು ಇನ್ವರ್ಟರ್ ಮೇಲಿವೆ. ಸಂಪಿನ ಬೋರ್ಡು ಮತ್ತು ಮೋಟರ್ ಅದರ ಮೇಲಿಲ್ಲ.

ಮೊದಲ ನಿಯಮವನ್ನು ಹೀಗೆ ಬರೆದಿದ್ದೆ: ಟ್ಯಾಂಕು ಶೇ. 30ಕ್ಕಿಂತ ಕೆಳಗಿಳಿಯುವುದು ಟ್ರಿಗರ್ (ನಿಯಮವನ್ನು ಎಬ್ಬಿಸುವ ಘಟನೆ), ಸಂಪಿನಲ್ಲಿ ಶೇ. 20ಕ್ಕಿಂತ ಹೆಚ್ಚು ನೀರಿರುವುದು ಷರತ್ತು, ಮೋಟರ್ ಹಚ್ಚುವುದು ಕ್ರಿಯೆ. ಟ್ಯಾಂಕು ಶೇ. 95 ದಾಟಿದರೆ ಆರಿಸುವುದಕ್ಕೆ ಇನ್ನೊಂದು ನಿಯಮವಿತ್ತು. ಎರಡು ವಾರ ಎಲ್ಲವೂ ಸುಸೂತ್ರವಾಗಿತ್ತು. ಒಂದು ದಿನ ಮಧ್ಯಾಹ್ನ 3ರ ಸುಮಾರಿಗೆ ಟ್ಯಾಂಕು ಶೇ. 30ಕ್ಕಿಂತ ಕೆಳಗಿಳಿಯಿತು. ಆಗ ಸಂಪಿನಲ್ಲಿ ಶೇ. 12 ಮಾತ್ರ ಇದ್ದುದರಿಂದ ಮೋಟರ್ ಹತ್ತಲಿಲ್ಲ, ಅದು ಸರಿಯೇ. ಆದರೆ ಅದೇ ರಾತ್ರಿ ನಳ ಬಂದು ಸಂಪು ತುಂಬಿದ ಮೇಲೂ ಮೋಟರ್ ಹತ್ತಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಸಂಪು ತುಂಬಿ ತುಳುಕುತ್ತಿತ್ತು, ಬಚ್ಚಲಿನಲ್ಲಿ ಮಾತ್ರ ನೀರಿರಲಿಲ್ಲ.

ಷರತ್ತಿನಲ್ಲೇ ಏನೋ ದೋಷವಿರಬೇಕೆಂದು ತಿಳಿದು ಅದನ್ನು ತೆಗೆದು, ಟ್ಯಾಂಕಿನ ಮಾತನ್ನೂ ಸಂಪಿನ ಮಾತನ್ನೂ ಟ್ರಿಗರ್‌ಗಳ ಪಟ್ಟಿಯಲ್ಲಿ ಒಂದರ ಕೆಳಗೊಂದು ಬರೆದೆ. ಎರಡನ್ನೂ ಬರೆದ ಮೇಲೆ ಎರಡೂ ಕೂಡಿದಾಗಲೇ ಮೋಟರ್ ಹತ್ತುತ್ತದೆ ಎಂಬುದು ನನ್ನ ಎಣಿಕೆಯಾಗಿತ್ತು. ನಾಲ್ಕನೆಯ ದಿನ ಟ್ಯಾಂಕು ಇಳಿದ ಕೂಡಲೇ ಬರಿದಾದ ಸಂಪಿನ ಮೇಲೆ ಮೋಟರ್ ಹತ್ತಿಕೊಂಡು, ಸುಟ್ಟ ವಾಸನೆ ಬರುವವರೆಗೆ ಓಡಿತು. ಒಳಗಿನ ಸೀಲನ್ನು ಬದಲಾಯಿಸಬೇಕಾಯಿತು.

ಇದರ ಮೇಲೆ ಇನ್ನೆರಡು ಬೇಡಿಕೆಗಳಿವೆ. ಮೇಲಿನ ಮನೆಯ ಬಾಡಿಗೆದಾರರಿಗೆ ಹಸುಗೂಸು ಇರುವುದರಿಂದ ರಾತ್ರಿ 10ರಿಂದ ಬೆಳಗಿನ 5ರವರೆಗೆ ಮೋಟರ್ ಓಡಬಾರದು. ಕರೆಂಟು ಹೋಗಿ ಬಂದ ಕೂಡಲೇ, ವೋಲ್ಟೇಜ್ ಇನ್ನೂ ಕುಣಿಯುತ್ತಿರುವಾಗ ಅದು ಹತ್ತಬಾರದು. ಹೀಗೆ ಸಂಪು, ಟ್ಯಾಂಕು, ಕರೆಂಟು, ಗಡಿಯಾರ ಎಂಬ ನಾಲ್ಕನ್ನು ಕೂಡಿಸುವ ಸರಿಯಾದ ಕ್ರಮ ಯಾವುದು? ಒಂದೇ ನಿಯಮ ಬರೆಯಬೇಕೆ, ಅಥವಾ ನಾಲ್ಕು ಬೇರೆ ಬೇರೆ ನಿಯಮಗಳೇ?

ಉತ್ತರ: ತರ್ಕದ ಮಾಸ್ತರ (ಮಾಳಮಡ್ಡಿ, ಧಾರವಾಡ)

ಸಂಪಿನಮನೆಯವರೇ, ನಿಮ್ಮ ಮೊದಲ ನಿಯಮವನ್ನು ಒಮ್ಮೆ ಗಟ್ಟಿಯಾಗಿ ಕನ್ನಡದಲ್ಲಿ ಓದಿಕೊಳ್ಳಿ: "ಟ್ಯಾಂಕು ಖಾಲಿಯಾದಾಗ, ಸಂಪಿನಲ್ಲಿ ನೀರಿದ್ದರೆ, ಮೋಟರ್ ಹಚ್ಚು." ಇದರಲ್ಲಿ "ಆದಾಗ" ಎಂಬುದು ಒಂದು ಗಳಿಗೆಯ ಮಾತು, "ಇದ್ದರೆ" ಎಂಬುದು ಒಂದು ಸ್ಥಿತಿಯ ಮಾತು. ಟ್ರಿಗರ್ ಮತ್ತು ಷರತ್ತುಗಳ ನಡುವಿನ ವ್ಯತ್ಯಾಸ ನಮ್ಮ ವ್ಯಾಕರಣದಲ್ಲಿಯೇ ಇಷ್ಟು ಸ್ಪಷ್ಟವಾಗಿದ್ದರೂ ಮೊಬೈಲ್ ಪರದೆಯ ಮೇಲೆ ಎರಡೂ ಒಂದೇ ಆಕಾರದ ಪೆಟ್ಟಿಗೆಗಳಾಗಿ ಕಾಣುವುದರಿಂದ ಅನೇಕರು ಇಲ್ಲಿ ಎಡವುತ್ತಾರೆ.

ಟ್ಯಾಂಕು ಶೇ. 30ರ ಗಡಿಯನ್ನು ಮೇಲಿನಿಂದ ಕೆಳಕ್ಕೆ ದಾಟಿದ ಗಳಿಗೆಯಲ್ಲಿ ಮಾತ್ರ ನಿಮ್ಮ ಟ್ರಿಗರ್ ಎಚ್ಚರಗೊಳ್ಳುತ್ತದೆ. 29ರಿಂದ 28ಕ್ಕೆ, 28ರಿಂದ 22ಕ್ಕೆ ಇಳಿದಾಗ ಅದು ಮತ್ತೆ ಏಳುವುದಿಲ್ಲ, ಏಕೆಂದರೆ ಗಡಿಯನ್ನು ಆಗಲೇ ದಾಟಿಯಾಗಿದೆ. ಆ ದಿನ ಮಧ್ಯಾಹ್ನ 3 ಗಂಟೆಗೆ ಅದು ಒಮ್ಮೆ ಎದ್ದು, ಸಂಪಿನಲ್ಲಿ ನೀರಿಲ್ಲದ್ದನ್ನು ಕಂಡು ಮತ್ತೆ ಮಲಗಿತು. ರಾತ್ರಿ ಸಂಪು ತುಂಬಿದಾಗ ಅದನ್ನು ಎಬ್ಬಿಸುವವರು ಯಾರೂ ಇರಲಿಲ್ಲ. ಷರತ್ತು ತಾನಾಗಿ ಯಾರನ್ನೂ ಎಬ್ಬಿಸುವುದಿಲ್ಲ. ಎದ್ದವನು ಕೇಳಿದಾಗ ಹೌದು ಅಥವಾ ಇಲ್ಲ ಎಂದು ಉತ್ತರ ಕೊಡುವುದಷ್ಟೇ ಅದರ ಕೆಲಸ.

ಎರಡನೆಯ ತಪ್ಪು ಇದರ ಬೆನ್ನಿಗೇ ಬಂದಿದೆ. ಟ್ರಿಗರ್‌ಗಳ ಪಟ್ಟಿಯನ್ನು ಹೋಮ್ ಅಸಿಸ್ಟೆಂಟ್ ಯಾವಾಗಲೂ "ಅಥವಾ" ಎಂದೇ ಓದುತ್ತದೆ, ಷರತ್ತುಗಳ ಪಟ್ಟಿಯನ್ನು, ನೀವು ಬೇರೆ ಹೇಳದಿದ್ದರೆ, "ಮತ್ತು" ಎಂದು ಓದುತ್ತದೆ. ಇದು ಮನಬಂದಂತೆ ಮಾಡಿದ ಏರ್ಪಾಡಲ್ಲ. ಟ್ಯಾಂಕು ಗಡಿ ದಾಟುವ ಗಳಿಗೆ ಮತ್ತು ಸಂಪು ಗಡಿ ದಾಟುವ ಗಳಿಗೆ ಒಂದೇ ಕ್ಷಣದಲ್ಲಿ ಕೂಡುವುದು ಅಸಂಭವವೇ ಆದ್ದರಿಂದ ಗಳಿಗೆಗಳ ನಡುವೆ "ಮತ್ತು" ಹಾಕಿದರೆ ಆ ನಿಯಮ ಎಂದಿಗೂ ನಡೆಯದು.

ಆದ್ದರಿಂದ ಕ್ರಮ ಹೀಗಿರಲಿ. ಮೊದಲು "ಇದ್ದರೆ"ಗಳನ್ನೆಲ್ಲ ಬರೆದುಕೊಳ್ಳಿ: ಟ್ಯಾಂಕು ಶೇ. 30ಕ್ಕಿಂತ ಕೆಳಗಿದ್ದರೆ, ಸಂಪು ಶೇ. 20ಕ್ಕಿಂತ ಮೇಲಿದ್ದರೆ, ಕರೆಂಟು ಬಂದು ಸ್ಥಿರವಾಗಿದ್ದರೆ, ಸಮಯ ಬೆಳಗಿನ 5ರಿಂದ ರಾತ್ರಿ 10ರ ಒಳಗಿದ್ದರೆ. ಈ ನಾಲ್ಕೂ ಷರತ್ತುಗಳು. ಇನ್ನು ಪ್ರತಿಯೊಂದು "ಇದ್ದರೆ"ಯ ಹಿಂದೆ ಒಂದು "ಆದಾಗ" ಅಡಗಿರುತ್ತದೆ. ಅದನ್ನು ಹೊರಗೆಳೆದು ಟ್ರಿಗರ್ ಮಾಡಿ. ಟ್ಯಾಂಕು 30ಕ್ಕಿಂತ ಕೆಳಗಿಳಿದಾಗ, ಸಂಪು 20ಕ್ಕಿಂತ ಮೇಲೇರಿದಾಗ, ಕರೆಂಟು ಬಂದು 2 ನಿಮಿಷ ನಿಂತಾಗ, ಗಡಿಯಾರ 5 ಹೊಡೆದಾಗ. ಗಡಿಯಾರವನ್ನು ಷರತ್ತಾಗಿ ಮಾತ್ರ ಹಾಕಿ ಟ್ರಿಗರ್ ಆಗಿ ಹಾಕುವುದನ್ನು ಬಹುತೇಕರು ಮರೆಯುತ್ತಾರೆ. ಹಾಗೆ ಮರೆತರೆ ರಾತ್ರಿ 2ಕ್ಕೆ ಸಂಪು ತುಂಬಿದ ದಿನ ನಿಮಗೆ ಬೆಳಿಗ್ಗೆ ಮತ್ತೆ ಅದೇ ಒಣ ಬಚ್ಚಲು ಕಾದಿರುತ್ತದೆ. ಐದನೆಯ ಟ್ರಿಗರ್ ಆಗಿ ಹೋಮ್ ಅಸಿಸ್ಟೆಂಟ್ ತಾನೇ ಪ್ರಾರಂಭವಾದ ಗಳಿಗೆಯನ್ನೂ ಸೇರಿಸಿ, ಏಕೆಂದರೆ "2 ನಿಮಿಷ ನಿಂತಾಗ" ಎಂಬಂಥ ಎಣಿಕೆ ನಡೆಯುತ್ತಿರುವಾಗ ವ್ಯವಸ್ಥೆ ಮರುಪ್ರಾರಂಭವಾದರೆ ಆ ಎಣಿಕೆ ಅಳಿಸಿಹೋಗುತ್ತದೆ. ಹೀಗೆ ಐದು ಟ್ರಿಗರ್, ನಾಲ್ಕು ಷರತ್ತು, ಒಂದು ಕ್ರಿಯೆ ಇರುವ ಒಂದೇ ನಿಯಮ ಸಾಕು. ಯಾರು ಎಬ್ಬಿಸಿದರೂ ಕೇಳುವ ಪ್ರಶ್ನೆ ಒಂದೇ ಆಗಿರುವುದರಿಂದ ನಾಲ್ಕು ನಿಯಮಗಳು ಬೇಕಿಲ್ಲ.

ಈಗ ಸ್ವಲ್ಪ ಸೂಕ್ಷ್ಮವಾದ, ಆದರೆ ನಿಮ್ಮ ಮೋಟರಿನ ಪ್ರಾಣಕ್ಕೆ ಸಂಬಂಧಿಸಿದ ಮಾತು. ಕರೆಂಟು ಹೋದಾಗ ಸಂಪಿನ ಬೋರ್ಡು ಸತ್ತು ಅದರ ಸೆನ್ಸರ್ "ಅಲಭ್ಯ" ಎಂಬ ಸ್ಥಿತಿಗೆ ಹೋಗುತ್ತದೆ. ಅಲಭ್ಯವಾದ ಸೆನ್ಸರನ್ನು "20ಕ್ಕಿಂತ ಮೇಲಿದೆಯೇ" ಎಂದು ಕೇಳಿದರೆ ಉತ್ತರ ಇಲ್ಲ; "20ಕ್ಕಿಂತ ಕೆಳಗಿದೆಯೇ" ಎಂದು ಕೇಳಿದರೂ ಉತ್ತರ ಇಲ್ಲವೇ. ಇದರ ಪರಿಣಾಮವನ್ನು ಗಮನಿಸಿ. ನೀವು ಷರತ್ತನ್ನು "ಸಂಪಿನಲ್ಲಿ ನೀರಿದ್ದರೆ" ಎಂದು ಬರೆದರೆ ಸೆನ್ಸರ್ ಸತ್ತಾಗ ಮೋಟರ್ ಹತ್ತುವುದಿಲ್ಲ. ಅದನ್ನೇ "ಸಂಪು ಖಾಲಿ ಇಲ್ಲದಿದ್ದರೆ" ಎಂದು ನಿಷೇಧದ ಮೂಲಕ ಬರೆದರೆ, ಸೆನ್ಸರ್ ಸತ್ತಾಗ "ಖಾಲಿ" ಎಂಬುದು ಸುಳ್ಳಾಗಿ, "ಖಾಲಿ ಇಲ್ಲ" ಎಂಬುದು ನಿಜವಾಗಿ, ಮೋಟರ್ ಹತ್ತುತ್ತದೆ. ಮನುಷ್ಯರ ಕಿವಿಗೆ ಎರಡೂ ವಾಕ್ಯಗಳ ಅರ್ಥ ಒಂದೇ. ಯಂತ್ರಕ್ಕೆ ಅವು ಒಂದೇ ಅಲ್ಲ, ಏಕೆಂದರೆ ಅದರ ಮುಂದೆ ಹೌದು ಮತ್ತು ಇಲ್ಲ ಎಂಬ ಎರಡರ ಜೊತೆಗೆ "ಗೊತ್ತಿಲ್ಲ" ಎಂಬ ಮೂರನೆಯ ಸ್ಥಿತಿಯೂ ಇದೆ. ಟೆಂಪ್ಲೇಟ್ (ಸೆನ್ಸರ್‌ಗಳ ಓದಿನಿಂದ ಹೊಸ ಉತ್ತರ ಲೆಕ್ಕ ಹಾಕುವ ಸೂತ್ರ) ಬರೆಯುವವರು ಇದೇ ಹಳ್ಳಕ್ಕೆ ಇನ್ನೊಂದು ಬದಿಯಿಂದ ಬೀಳುತ್ತಾರೆ: ಸಂಖ್ಯೆ ಸಿಗದಿದ್ದರೆ 0 ಎಂದು ತಿಳಿ ಎಂದು ಬರೆದುಬಿಡುತ್ತಾರೆ. ಸಂಪಿನ ಮಟ್ಟಕ್ಕೆ 0 ಸುರಕ್ಷಿತವಾದ ಊಹೆ, ಆದರೆ ಟ್ಯಾಂಕಿನ ಮಟ್ಟಕ್ಕೆ 0 ಎಂದರೆ "ತೀರಾ ಖಾಲಿ, ಕೂಡಲೇ ಹಚ್ಚು" ಎಂದಾಗುತ್ತದೆ.

ಕೊನೆಯದಾಗಿ ರೋಗಪರೀಕ್ಷೆಯ ವಿಧಾನ. ನಿಯಮದ ಟ್ರೇಸ್ ತೆರೆದು ನೋಡಿ. ಸಾಮಾನ್ಯವಾಗಿ ಕಡೆಯ 5 ಓಟಗಳ ದಾಖಲೆ ಅಲ್ಲಿರುತ್ತದೆ. ಮೋಟರ್ ಹತ್ತಬೇಕಾಗಿದ್ದ ಹೊತ್ತಿನಲ್ಲಿ ಒಂದು ದಾಖಲೆಯಿದ್ದು ಅದು ಷರತ್ತಿನ ಬಳಿ ನಿಂತಿದ್ದರೆ ದೋಷ ಷರತ್ತಿನಲ್ಲಿದೆ. ಆ ಹೊತ್ತಿನ ದಾಖಲೆಯೇ ಇಲ್ಲದಿದ್ದರೆ ಒಂದು ಟ್ರಿಗರ್ ಕಡಿಮೆಯಾಗಿದೆ. ಪ್ರತಿ ಟ್ರಿಗರ್‌ಗೂ ಒಂದು ಗುರುತಿನ ಹೆಸರು ಕೊಟ್ಟರೆ ಯಾರು ಎಬ್ಬಿಸಿದರೆಂಬುದೂ ಅಲ್ಲಿ ತಿಳಿಯುತ್ತದೆ.

ಉತ್ತರ: ಗದಗಿನ ಮೋಟರ್ (ಬೆಟಗೇರಿ, ಗದಗ)

ಮಾಸ್ತರರು ಹೇಳಿದ್ದನ್ನು ನಾನು ಒಪ್ಪುತ್ತೇನೆ. ಆದರೆ ಅವರು ಹಚ್ಚುವ ಕಡೆಯನ್ನು ಮಾತ್ರ ಹೇಳಿ ಆರಿಸುವ ಕಡೆಯನ್ನು ಬಿಟ್ಟಿದ್ದಾರೆ. ಸೀಲು ಸುಟ್ಟಿದ್ದು ಮೋಟರ್ ಹತ್ತಿದ್ದರಿಂದ ಎನ್ನುವುದಕ್ಕಿಂತ ಸಮಯಕ್ಕೆ ಆರದಿದ್ದರಿಂದ ಎನ್ನುವುದೇ ಸರಿ.

ಹಚ್ಚುವ ನಿಯಮವನ್ನು ತಿರುಗಿಸಿ ಹಾಕಿದರೆ ಆರಿಸುವ ನಿಯಮ ಸಿಗುತ್ತದೆ ಎಂದು ತಿಳಿಯುವುದು ಅರ್ಧ ಮಾತ್ರ ನಿಜ. ಹಚ್ಚಲು ಎಲ್ಲರ ಒಪ್ಪಿಗೆ ಬೇಕು. ಆರಿಸಲು ಒಬ್ಬರ ತಕರಾರು ಸಾಕು. ಅಂದರೆ ಟ್ಯಾಂಕು ತುಂಬಿದರೆ, ಅಥವಾ ಸಂಪು ಶೇ. 10ಕ್ಕೆ ಇಳಿದರೆ, ಅಥವಾ ರಾತ್ರಿ 10 ಆದರೆ, ಅಥವಾ ಎರಡರಲ್ಲಿ ಯಾವುದೇ ಸೆನ್ಸರ್ ಅಲಭ್ಯವಾದರೆ, ಅಥವಾ ಓಡಲು ಆರಂಭಿಸಿ ಇಂತಿಷ್ಟು ನಿಮಿಷವಾದರೆ ಆರಿಸಬೇಕು. ಇಲ್ಲಿ ಟ್ರಿಗರ್‌ಗಳ "ಅಥವಾ" ಸ್ವಭಾವವೇ ನಮಗೆ ಅನುಕೂಲ, ಷರತ್ತುಗಳೇ ಬೇಡ. ಆರಿಸುವ ನಿಯಮಕ್ಕೆ ಷರತ್ತು ಸೇರಿಸಿದಷ್ಟೂ ಅದು ಆರಿಸದೇ ಇರುವ ದಾರಿಗಳು ಹೆಚ್ಚುತ್ತವೆ.

ಸಂಪಿಗೆ ಹಚ್ಚುವಾಗ 20, ಆರಿಸುವಾಗ 10 ಎಂದು ಬೇರೆ ಬೇರೆ ಅಂಕಿ ಹೇಳಿದ್ದನ್ನು ಗಮನಿಸಿರಬಹುದು. ಎರಡಕ್ಕೂ ಒಂದೇ ಅಂಕಿ ಇಟ್ಟರೆ, ಮೋಟರ್ ನೀರೆಳೆಯುವಾಗ ಸಂಪಿನಲ್ಲಿ ಏಳುವ ಅಲೆಗಳಿಂದ ಓದು 19, 21, 19 ಎಂದು ಓಲಾಡಿ, ಕಾಂಟ್ಯಾಕ್ಟರ್ (ಮೋಟರಿನ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ವಿದ್ಯುತ್ ಸ್ವಿಚ್) ಕಟಕಟ ಎಂದು ಹತ್ತುತ್ತಾ ಆರುತ್ತಾ ಇರುತ್ತದೆ. ಎರಡು ಅಂಕಿಗಳ ನಡುವಿನ ಈ ಅಂತರವನ್ನು ಹೋಮ್ ಅಸಿಸ್ಟೆಂಟಿನ ಥ್ರೆಶೋಲ್ಡ್ ಹೆಲ್ಪರ್ ಎಂಬ ಸಿದ್ಧ ಉಪಕರಣದಲ್ಲಿ ನೇರವಾಗಿ ಕೊಡಬಹುದು. ಇದರ ಜೊತೆಗೆ ಬೋರ್ಡಿನಲ್ಲೇ ಐದೈದು ಓದುಗಳಲ್ಲಿ ನಡುವಿನದನ್ನು ಆಯ್ದುಕೊಳ್ಳುವ ಮೀಡಿಯನ್ ಫಿಲ್ಟರ್ ಹಾಕಿ. ಸರಾಸರಿ ಬೇಡ, ಒಂದು ಹುಚ್ಚು ಓದು ಸರಾಸರಿಯನ್ನು ಎಳೆದುಬಿಡುತ್ತದೆ, ನಡುವಿನ ಅಂಕಿಯನ್ನು ಎಳೆಯಲಾರದು.

ಸೆನ್ಸರಿನ ಬಗ್ಗೆಯೂ ಎರಡು ಮಾತು ಹೇಳಬೇಕು. ಅಲ್ಟ್ರಾಸಾನಿಕ್ ಸೆನ್ಸರ್ ಅಳೆಯುವುದು ಸದ್ದು ಹೋಗಿ ಬರುವ ಸಮಯವನ್ನು. ಸೆಂಟಿಮೀಟರ್ ಎಂಬುದು ಲೆಕ್ಕ ಹಾಕಿ ಪಡೆದದ್ದು. ಗಾಳಿಯಲ್ಲಿ ಸದ್ದಿನ ವೇಗ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್, 40 ಡಿಗ್ರಿಯಲ್ಲಿ ಸುಮಾರು 355 ಮೀಟರ್. ಏಪ್ರಿಲ್ ಮಧ್ಯಾಹ್ನ ಮಾಳಿಗೆಯ ಮೇಲಿನ ಕಪ್ಪು ಟ್ಯಾಂಕಿನ ಒಳಗಿನ ಗಾಳಿ ಎಷ್ಟು ಕಾದಿರುತ್ತದೆಂದು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನೀರಿನ ಮೇಲೆ 100 ಸೆಂ.ಮೀ. ಖಾಲಿ ಜಾಗವಿದ್ದರೆ ಈ ವ್ಯತ್ಯಾಸದಿಂದ ಮೂರೂವರೆ ಸೆಂ.ಮೀ.ನಷ್ಟು ನೀರು ಹೆಚ್ಚಿರುವಂತೆ ತೋರುತ್ತದೆ. ಅದು ದೊಡ್ಡ ದೋಷವಲ್ಲ, ಆದರೆ 30 ಮತ್ತು 32ರ ನಡುವೆ ನಿಯಮ ಕಟ್ಟಬಾರದೆಂಬುದಕ್ಕೆ ಸಾಕಷ್ಟು ಕಾರಣ. ಎರಡನೆಯದಾಗಿ, ನೀರು ಒಳಹೋಗದ ಈ ಬಗೆಯ ಸೆನ್ಸರ್‌ಗಳು ಮುಖದ ಹತ್ತಿರದ 20–25 ಸೆಂ.ಮೀ.ನೊಳಗೆ ಏನಿದೆಯೆಂದು ಕಾಣಲಾರವು. ಟ್ಯಾಂಕಿನ ಮುಚ್ಚಳಕ್ಕೇ ಸೆನ್ಸರ್ ಕೂರಿಸಿ ಶೇ. 95ಕ್ಕೆ ಆರಿಸು ಎಂದರೆ ಆ ಮಟ್ಟ ಕುರುಡು ಜಾಗದಲ್ಲಿ ಬೀಳುವ ಸಂಭವವಿದೆ. ಆಗ ಆರಿಸುವ ಗಳಿಗೆ ಬರುವುದೇ ಇಲ್ಲ, ನೀರು ಮಾಳಿಗೆಯ ಮೇಲೆ ಹರಿಯುತ್ತದೆ. 85ಕ್ಕೆ ಇಳಿಸಿ.

ಮೋಟರ್ ಹಚ್ಚಿ, 25 ನಿಮಿಷ ಕಾದು, ಆರಿಸು ಎಂದು ಒಂದೇ ನಿಯಮದೊಳಗೆ ಬರೆಯುವ ಅಭ್ಯಾಸ ಕೆಲವರಿಗಿದೆ. ಕಾಯುತ್ತಿರುವಾಗ ಹೋಮ್ ಅಸಿಸ್ಟೆಂಟ್ ಮರುಪ್ರಾರಂಭವಾದರೆ ಆ ಕಾಯುವಿಕೆ ಮಾಯವಾಗುತ್ತದೆ, ಮೋಟರ್ ಮಾತ್ರ ಓಡುತ್ತಲೇ ಇರುತ್ತದೆ. ಗರಿಷ್ಠ ಓಟದ ಮಿತಿಯನ್ನು ಮೋಟರಿಗೆ ಅಂಟಿಕೊಂಡಿರುವ ಬೋರ್ಡಿನ ಒಳಗೇ ಬರೆಯಿರಿ. ವೈಫೈ ಹೋದರೂ ಪೈ ಸತ್ತರೂ ಅದು ತನ್ನ ಪಾಡಿಗೆ ಎಣಿಸಿ ಆರಿಸುತ್ತದೆ. ಬೋರ್ಡಿಗೆ ಕರೆಂಟು ಬಂದಾಗ ರಿಲೇ (ಬೋರ್ಡು ನಡೆಸುವ ಚಿಕ್ಕ ಸ್ವಿಚ್) ಯಾವಾಗಲೂ ಆರಿದ ಸ್ಥಿತಿಯಲ್ಲೇ ಏಳುವಂತೆ, ಬೋರ್ಡಿಗೆ ತಂತ್ರಾಂಶ ತುಂಬುವ ಇಎಸ್‌ಪಿಹೋಮ್‌ನಲ್ಲಿ ಹೊಂದಿಸಿ. 1 ಎಚ್‌ಪಿ ಮೋಟರ್ ಹತ್ತುವ ಕ್ಷಣದಲ್ಲಿ ಎಳೆಯುವ ಕರೆಂಟು ಓಡುವಾಗಿನದರ ಹಲವು ಪಟ್ಟು ಇರುವುದರಿಂದ ಚಿಕ್ಕ ನೀಲಿ ರಿಲೇಯನ್ನು ಮೋಟರಿಗೆ ನೇರವಾಗಿ ಕಟ್ಟದೆ, ಅದರಿಂದ ಕಾಂಟ್ಯಾಕ್ಟರನ್ನು ಎಳೆಸಿ.

ಇವೆಲ್ಲದರ ಮೇಲೂ, ಅಥವಾ ಇವೆಲ್ಲಕ್ಕಿಂತ ಮೊದಲು, ಸಂಪಿನ ತಳದಲ್ಲಿ ಒಂದು ಸಾದಾ ಫ್ಲೋಟ್ ಸ್ವಿಚ್ ಹಾಕಿ ಅದನ್ನು ಕಾಂಟ್ಯಾಕ್ಟರಿನ ಕಾಯಿಲ್ ತಂತಿಯಲ್ಲಿ ಸರಣಿಯಾಗಿ ಜೋಡಿಸಿ. ಅದಕ್ಕೆ ತರ್ಕ ಗೊತ್ತಿಲ್ಲ, ತಂತ್ರಾಂಶ ಗೊತ್ತಿಲ್ಲ. ನೀರಿಲ್ಲದಿದ್ದರೆ ತಂತಿ ಕಡಿಯುವುದೊಂದೇ ಗೊತ್ತು. ಈ ಜೋಡಣೆಯನ್ನು ಲೈಸೆನ್ಸ್ ಇರುವ ವೈರ್‌ಮನ್ ಕೈಯಿಂದಲೇ ಮಾಡಿಸಿ. ನೀರಿನ ಹತ್ತಿರ 230 ವೋಲ್ಟಿನ ಕೆಲಸ.

ಸಂಪಿನಮನೆ (ವಿದ್ಯಾನಗರ, ಹುಬ್ಬಳ್ಳಿ)

ಇಬ್ಬರಿಗೂ ಅನಂತ ಧನ್ಯವಾದಗಳು. ಟ್ರೇಸ್ ತೆರೆದು ನೋಡಿದೆ. ಮಾಸ್ತರರು ಊಹಿಸಿದಂತೆಯೇ, ನಿಯಮ ಬದಲಾಯಿಸುವ ಮೊದಲಿನ ದಾಖಲೆಗಳಲ್ಲಿ ಮಧ್ಯಾಹ್ನದ್ದು ಷರತ್ತಿನ ಬಳಿ ನಿಂತಿದೆ, ರಾತ್ರಿಯ ದಾಖಲೆಯೇ ಇಲ್ಲ.

ಒಂದು ಸಂದೇಹ ಉಳಿದಿದೆ. ನನ್ನ ಗೆಳೆಯರೊಬ್ಬರು ಇಷ್ಟೆಲ್ಲ ಟ್ರಿಗರ್ ಬರೆಯುವ ಬದಲು "ಮೋಟರ್ ಬೇಕು" ಎಂಬ ಒಂದು ಟೆಂಪ್ಲೇಟ್ ಸೆನ್ಸರ್ ಮಾಡಿ, ಅದರಲ್ಲಿ ನಾಲ್ಕೂ ಮಾತುಗಳನ್ನು ಕೂಡಿಸಿ, ಅದು ಆನ್ ಆದಾಗ ಮೋಟರ್ ಹಚ್ಚು ಎಂದರೆ ಸಾಕು ಎನ್ನುತ್ತಾರೆ. ಇದು ಸರಿಯೇ?

ತರ್ಕದ ಮಾಸ್ತರ (ಮಾಳಮಡ್ಡಿ, ಧಾರವಾಡ)

ಸರಿಯೇ, ಮತ್ತು ನನಗೆ ಅದೇ ಹೆಚ್ಚು ಇಷ್ಟ. ಟೆಂಪ್ಲೇಟ್ ಸೆನ್ಸರ್ ತನ್ನೊಳಗಿನ ಯಾವುದೇ ಸೆನ್ಸರ್ ಬದಲಾದಾಗಲೂ ಮತ್ತೆ ಲೆಕ್ಕ ಹಾಕಿಕೊಳ್ಳುವುದರಿಂದ, ನಾವು ಕೈಯಿಂದ ಹೊರಗೆಳೆದ "ಆದಾಗ"ಗಳನ್ನು ಅದು ತಾನೇ ಹೊರಗೆಳೆಯುತ್ತದೆ. ಟೆಂಪ್ಲೇಟಿನಲ್ಲಿ ಈಗಿನ ಸಮಯವನ್ನು ಕೇಳಿದ್ದರೆ ನಿಮಿಷಕ್ಕೊಮ್ಮೆಯೂ ಲೆಕ್ಕ ಹಾಕುತ್ತದೆ. ಆನ್ ಆಗುವ ಮೊದಲು ಇಷ್ಟು ಹೊತ್ತು ಕಾಯಬೇಕೆಂಬ ವಿಳಂಬವನ್ನೂ ಅದರಲ್ಲೇ ಕೊಡಬಹುದು. ನಾಲ್ಕು ಮಾತು ನಾಳೆ ಆರಾದರೆ ತಿದ್ದಬೇಕಾದ ಜಾಗವೂ ಒಂದೇ.

ಗದಗಿನ ಮೋಟರ್ (ಬೆಟಗೇರಿ, ಗದಗ)

ಇಲ್ಲಿ ಮಾತ್ರ ಮಾಸ್ತರರೊಂದಿಗೆ ನನ್ನ ಭಿನ್ನಮತವಿದೆ. "ಮೋಟರ್ ಬೇಕು" ಆಫ್ ಇದ್ದರೆ ಅದು ಯಾವ ಕಾರಣಕ್ಕೆ ಆಫ್ ಎಂದು ಮನೆಯವರಿಗೆ ತಿಳಿಯುವುದಿಲ್ಲ. ನಾವು ಊರಲ್ಲಿ ಇಲ್ಲದಾಗ ಮನೆಯವರು ಫೋನ್ ಮಾಡಿ ಮೋಟರ್ ಹತ್ತುತ್ತಿಲ್ಲ ಎಂದರೆ, ಸಂಪು ಸರಿ, ಟ್ಯಾಂಕು ಸರಿ, ಕರೆಂಟು ಸರಿ, ಸಮಯ ಸರಿ ಎಂದು ನಾಲ್ಕು ದೀಪಗಳು ಪರದೆಯ ಮೇಲೆ ಬೇರೆ ಬೇರೆಯಾಗಿ ಕಾಣಬೇಕು. ಆದ್ದರಿಂದ ಮೊದಲು ನಾಲ್ಕು ಚಿಕ್ಕ ಸೆನ್ಸರ್‌ಗಳನ್ನು ಮಾಡಿ, ಆಮೇಲೆ ಬೇಕಾದರೆ ಅವುಗಳನ್ನು ಒಂದು ಗುಂಪಾಗಿ ಕಟ್ಟಿ. ಗುಂಪು ಕಟ್ಟುವಾಗ "ಎಲ್ಲವೂ ಆನ್ ಇದ್ದರೆ ಮಾತ್ರ" ಎಂಬ ಆಯ್ಕೆಯನ್ನು ಒತ್ತುವುದನ್ನು ಮರೆಯಬೇಡಿ. ಒತ್ತದಿದ್ದರೆ ಯಾವುದಾದರೊಂದು ಆನ್ ಆದರೂ ಗುಂಪು ಆನ್ ಎನ್ನುತ್ತದೆ, ಮತ್ತೆ ನಿಮ್ಮ ಎರಡನೆಯ ಕಥೆಯೇ ಆಗುತ್ತದೆ.

ಕಣದ ಕಾವಲು (ಬ್ಯಾಡಗಿ, ಹಾವೇರಿ ಜಿಲ್ಲೆ)

ಮೋಟರಿನ ಮಾತು ಮುಗಿಯುತ್ತ ಬಂದಿದ್ದರೆ ಇದಕ್ಕೆ ಹೊಂದಿಕೊಂಡ ನನ್ನ ತೊಡಕನ್ನೂ ಮುಂದಿಡುತ್ತೇನೆ. ನಾವು ಮೆಣಸಿನಕಾಯಿಯನ್ನು ಮಾಳಿಗೆಯ ಮೇಲೂ ಕಣದಲ್ಲೂ ಹರವಿ ಒಣಗಿಸುತ್ತೇವೆ. ಬೇಸಿಗೆಯ ಕೊನೆಗೆ ಸಂಜೆ ದಿಢೀರನೆ ಗಾಳಿಯೆದ್ದು ಮಳೆ ಬೀಳುತ್ತದೆ. ತಾಡಪತ್ರಿ ಹೊದಿಸಲು ಸಿಗುವುದು ಕೆಲವೇ ನಿಮಿಷ. ನಾಲ್ಕು ಹನಿ ಬಿದ್ದರೆ ಸೈರನ್ ಕೂಗಲೆಂದು ಹನಿ ಬಿದ್ದರೆ ತಿಳಿಸುವ ತಾಮ್ರಗೆರೆಯ ತಟ್ಟೆಯನ್ನು ಕೂರಿಸಿದೆ. ಅದು ಬೆಳಗಿನ ಜಾವದ ಇಬ್ಬನಿಗೂ ಕೂಗಿ ಓಣಿಯನ್ನೆಲ್ಲ ಎಬ್ಬಿಸುತ್ತದೆ. ಆರ್ದ್ರತೆಯ ಸೆನ್ಸರನ್ನು ಷರತ್ತಾಗಿ ಸೇರಿಸಿದೆ. ಇಬ್ಬನಿ ಬೀಳುವಾಗ ಆರ್ದ್ರತೆಯೂ ಹೆಚ್ಚೇ ಇರುವುದರಿಂದ ಅದೂ ಪ್ರಯೋಜನವಾಗಲಿಲ್ಲ. ಎರಡು ಸೆನ್ಸರ್ ಕೂಡಿಸಿದರೂ ಒಂದರಷ್ಟೇ ಬುದ್ಧಿ ಬಂದಿದೆ.

ತರ್ಕದ ಮಾಸ್ತರ (ಮಾಳಮಡ್ಡಿ, ಧಾರವಾಡ)

ನಿಮ್ಮ ಕೊನೆಯ ವಾಕ್ಯದಲ್ಲೇ ರೋಗದ ಮೂಲವಿದೆ. ಒಂದೇ ಕಾರಣಕ್ಕೆ ಒಟ್ಟಿಗೆ ಮೋಸಹೋಗುವ ಎರಡು ಸಾಕ್ಷಿಗಳನ್ನು ಕೂಡಿಸಿದರೆ ಸಾಕ್ಷ್ಯ ಬಲವಾಗುವುದಿಲ್ಲ. ಇಬ್ಬನಿ ತಟ್ಟೆಯನ್ನೂ ಒದ್ದೆ ಮಾಡುತ್ತದೆ, ಆರ್ದ್ರತೆಯೂ ಅದರೊಂದಿಗೇ ಏರಿರುತ್ತದೆ. ಇಬ್ಬನಿಯಿಂದ ಮೋಸಹೋಗದ ಬೇರೊಂದು ಸಾಕ್ಷಿಯನ್ನು ಹುಡುಕಬೇಕು.

ನಮ್ಮ ಕಡೆಯ ಬೇಸಿಗೆಯ ಗುಡುಗುಮಳೆಯ ನಡೆಯನ್ನು ನೀವೇ ನನಗಿಂತ ಚೆನ್ನಾಗಿ ಬಲ್ಲಿರಿ: ಮೊದಲು ತಣ್ಣನೆಯ ಗಾಳಿ ನುಗ್ಗುತ್ತದೆ, ಹನಿಗಳು ಅದರ ಹಿಂದೆ ಬರುತ್ತವೆ. ಅಂದರೆ ಉಷ್ಣತೆ ಕೆಲವೇ ನಿಮಿಷಗಳಲ್ಲಿ ಹಲವು ಡಿಗ್ರಿ ಕುಸಿಯುತ್ತದೆ. ಇಬ್ಬನಿ ಬೀಳುವ ರಾತ್ರಿಯಲ್ಲಿ ಉಷ್ಣತೆ ಗಂಟೆಗಟ್ಟಲೆ ಮೆಲ್ಲಗೆ ಇಳಿಯುತ್ತದೆ. ಆದ್ದರಿಂದ ನಿಮಗೆ ಬೇಕಾದದ್ದು ಉಷ್ಣತೆಯ ಅಂಕಿಯಲ್ಲ, ಅದು ಇಳಿಯುವ ವೇಗ. ಡೆರಿವೇಟಿವ್ ಹೆಲ್ಪರ್ ಆ ವೇಗವನ್ನು ಲೆಕ್ಕ ಹಾಕಿಕೊಡುತ್ತದೆ. ಸೆನ್ಸರಿನ ಸಣ್ಣ ನಡುಕ ವೇಗವಾಗಿ ಕಾಣದಂತೆ ಅದಕ್ಕೆ 5–10 ನಿಮಿಷಗಳ ಕಿಂಡಿ, ಅಂದರೆ ಲೆಕ್ಕಕ್ಕೆ ಹಿಡಿಯುವ ಕಾಲಾವಧಿ, ಕೊಡಿ.

ಇಲ್ಲಿ ಕೂಡಿಸುವ ಬಗೆ ಮೋಟರಿನದಕ್ಕಿಂತ ಬೇರೆ. ಮೋಟರಿನಲ್ಲಿ ಕೂಡಬೇಕಾದದ್ದು ನಾಲ್ಕು ಸ್ಥಿತಿಗಳು. ನಿಮ್ಮಲ್ಲಿ ಕೂಡಬೇಕಾದದ್ದು ಒಂದರ ಹಿಂದೊಂದು ಬರುವ ಎರಡು ಗಳಿಗೆಗಳು: ಉಷ್ಣತೆ ಕುಸಿದದ್ದು, ತಟ್ಟೆ ಒದ್ದೆಯಾದದ್ದು. ಮೊದಲನೆಯದು ಎರಡನೆಯದು ಬರುವ ಹೊತ್ತಿಗೆ ಮುಗಿದುಹೋಗಿರಬಹುದು. ಆದ್ದರಿಂದ ಮೊದಲ ಗಳಿಗೆಯನ್ನು ಹಿಗ್ಗಿಸಿ ಸ್ಥಿತಿಯಾಗಿ ಮಾಡಿಕೊಳ್ಳಿ. "ಈಚೆಗೆ ತಂಪುಗಾಳಿ ನುಗ್ಗಿದೆ" ಎಂಬ ಟೆಂಪ್ಲೇಟ್ ಸೆನ್ಸರ್ ಮಾಡಿ, ವೇಗ ಗಡಿ ದಾಟಿದ ಕೂಡಲೇ ಅದು ಆನ್ ಆಗುವಂತೆಯೂ ಆಫ್ ಆಗಲು 20 ನಿಮಿಷ ತಡಮಾಡುವಂತೆಯೂ ಇಟ್ಟರೆ, "ತಟ್ಟೆ ಒದ್ದೆಯಾದಾಗ, ಈಚೆಗೆ ತಂಪುಗಾಳಿ ನುಗ್ಗಿದ್ದರೆ, ಸೈರನ್ ಕೂಗು" ಎಂದು ಸರಳವಾಗಿ ಬರೆಯಬಹುದು. ಗಾಳಿ ನುಗ್ಗಿದಾಗ ಸೈರನ್ ಬದಲು ಫೋನಿಗೆ ಒಂದು ಮೆಲುವಾದ ಸೂಚನೆ ಕಳಿಸಿದರೆ ತಾಡಪತ್ರಿಗೆ ಇನ್ನೂ ಕೆಲವು ನಿಮಿಷ ಸಿಗುತ್ತವೆ.

ಜೂನ್ ಬಂದ ಮೇಲಿನ ಜಿಟಿಜಿಟಿ ಮಳೆಗೆ ಈ ನಿಯಮ ನಡೆಯದು, ಅದು ತಣ್ಣಗಿನ ಹೊತ್ತಿನಲ್ಲಿ ಸದ್ದಿಲ್ಲದೆ ಶುರುವಾಗುತ್ತದೆ. ಆದರೆ ಅಷ್ಟು ಹೊತ್ತಿಗೆ ನಿಮ್ಮ ಕಾಯಿ ಚೀಲ ಸೇರಿರುತ್ತದೆ ಎಂದುಕೊಂಡಿದ್ದೇನೆ.

ಗದಗಿನ ಮೋಟರ್ (ಬೆಟಗೇರಿ, ಗದಗ)

ಉಷ್ಣತೆಯ ಸೆನ್ಸರನ್ನು ಬಿಸಿಲು ನೇರ ಬೀಳುವಲ್ಲಿ ಇಡಬೇಡಿ. ಒಂದು ಮೋಡ ಅಡ್ಡ ಬಂದರೂ ಉಷ್ಣತೆ ಕುಸಿದಂತೆ ತೋರಿ ಸುಳ್ಳು ಹೇಳುತ್ತದೆ. ನೆರಳಿನಲ್ಲಿ, ಗಾಳಿಯಾಡುವ ಕಡೆ ಇಡಿ. ತಾಮ್ರಗೆರೆಯ ತಟ್ಟೆಯನ್ನು ಸ್ವಲ್ಪ ವಾಲಿಸಿ ಕೂರಿಸಿದರೆ ನೀರು ನಿಲ್ಲದೆ ಬೇಗ ಒಣಗುತ್ತದೆ.

ಸಂಪಿನಮನೆ (ವಿದ್ಯಾನಗರ, ಹುಬ್ಬಳ್ಳಿ)

ವಾರದ ಮೇಲೆ ಬರೆಯುತ್ತಿದ್ದೇನೆ. ನಾಲ್ಕು ಚಿಕ್ಕ ಸೆನ್ಸರ್‌ಗಳು, ಎಲ್ಲವೂ ಆನ್ ಇದ್ದಾಗ ಮಾತ್ರ ಆನ್ ಆಗುವ ಒಂದು ಗುಂಪು, ಆರಿಸಲು ಷರತ್ತಿಲ್ಲದ ಬೇರೆ ನಿಯಮ, ಬೋರ್ಡಿನೊಳಗೆ 30 ನಿಮಿಷಗಳ ಮಿತಿ, ಸಂಪಿನ ತಳದಲ್ಲಿ ಫ್ಲೋಟ್ ಸ್ವಿಚ್, ಇಷ್ಟನ್ನೂ ಹಾಕಿಸಿದೆ. ಫ್ಲೋಟನ್ನು ಪರೀಕ್ಷಿಸಲು ವೈರ್‌ಮನ್ ಅದನ್ನು ಕೈಯಿಂದ ಇಳಿಬಿಟ್ಟಾಗ, ಪರದೆಯ ಮೇಲೆ ಮೋಟರ್ ಆನ್ ಎಂದೇ ತೋರುತ್ತಿದ್ದರೂ ಮೋಟರ್ ಮಾತ್ರ ನಿಂತಿತ್ತು.

ಮೊನ್ನೆ ರಾತ್ರಿ 1:40ಕ್ಕೆ ನಳ ಬಂತು. ಸಂಪಿನ ದೀಪ 2:15ಕ್ಕೆ ಹಸಿರಾಯಿತು, ಸಮಯದ ದೀಪ ಕೆಂಪಾಗಿಯೇ ಉಳಿಯಿತು. ಬೆಳಿಗ್ಗೆ 5:00ಕ್ಕೆ ಗುಂಪು ಆನ್ ಆಗಿ ಮೋಟರ್ ಹತ್ತಿತು, 5:19ಕ್ಕೆ ಟ್ಯಾಂಕು ಶೇ. 85 ದಾಟಿ ಆರಿತು. ನಳದ ನೀರು ಸಂಪಿಗೆ ಧುಮುಕುವಾಗ ಮಾತ್ರ ಓದು ಇನ್ನೂ ಜಿಗಿದಾಡುತ್ತಿದೆ. ಸೆನ್ಸರಿನ ಕೆಳಗೆ ತಳದವರೆಗೂ ಇಳಿಯುವ, ಬುಡದಲ್ಲಿ ತೂತು ಕೊರೆದ 6 ಇಂಚಿನ ಪಿವಿಸಿ ಪೈಪು ಇಳಿಸಿ, ಅದರೊಳಗಿನ ಶಾಂತ ನೀರನ್ನಷ್ಟೇ ಅಳೆಯುವಂತೆ ಮಾಡಲು ಈ ಭಾನುವಾರ ಹೊರಟಿದ್ದೇನೆ.